ಶುಶ್ರೂಷೆಯೂ ಸಂಶೋಧನೆಯೂ

೧

ರೋಗಿಯು ಗುಣಹೊಂದಿ ಮನೆಗೆ ಮರಳಿದಾಗ ಲೋಕವು ವೈದ್ಯನನ್ನು ಹೊಗಳುವುದು, ಔಷಧವನ್ನು ಹೊಗಳುವುದು, ಕುಲದೈವವನ್ನು ನೆನೆಯುವುದು. ಇರುಳೆಲ್ಲ ಹಾಸಿಗೆಯ ಬಳಿ ಎಚ್ಚತ್ತಿದ್ದು, ಜ್ವರವನ್ನು ನೋಡಿ, ಗಾಯವನ್ನು ತೊಳೆದು, ಮಗ್ಗುಲು ಬದಲಿಸಿದ ದಾದಿಯ ಹೆಸರು ಆ ಹೊಗಳಿಕೆಯ ನಡುವೆ ಕೇಳಿಬರುವುದು ಅಪರೂಪ. ಕೇಳಿಬಂದರೂ ಅವಳ ದಯೆಯನ್ನೂ ತಾಳ್ಮೆಯನ್ನೂ ಕೊಂಡಾಡುವವರೇ ಹೆಚ್ಚು. ಅವಳ ಅರಿವನ್ನು ಕೊಂಡಾಡುವವರು ಕಡಮೆ. ಶುಶ್ರೂಷೆಯೆಂಬುದು ಹೃದಯದ ಕೆಲಸ, ಬುದ್ಧಿಯ ಕೆಲಸವಲ್ಲವೆಂಬ ಭಾವನೆಯು ನಮ್ಮಲ್ಲಿ ಬಹುಕಾಲದಿಂದ ಬೇರೂರಿರುವುದು.

ನಮ್ಮ ಪ್ರಾಚೀನರ ಅಭಿಪ್ರಾಯವು ಹೀಗಿರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿರುವುದು ವಾಚಕರಲ್ಲಿ ಹಲವರಿಗೆ ತಿಳಿದ ವಿಷಯವೇ ಸರಿ. ವೈದ್ಯನೊಂದು ಪಾದ, ಔಷಧವೊಂದು, ಉಪಚಾರಕನೊಂದು, ರೋಗಿಯೊಂದು. ಈ ನಾಲ್ಕರಲ್ಲಿ ಯಾವುದೊಂದು ಕುಂಟಿದರೂ ಚಿಕಿತ್ಸೆಯು ನಡೆಯಲಾರದು. ಉಪಚಾರಕನಿಗೆ ಇರತಕ್ಕ ನಾಲ್ಕು ಗುಣಗಳನ್ನೂ ಅಲ್ಲಿ ಎಣಿಸಿದೆ: ಉಪಚಾರದ ಜ್ಞಾನ, ದಕ್ಷತೆ, ಅನುರಾಗ, ಶುಚಿತ್ವ. ಅನುರಾಗವು ಮೂರನೆಯದಾಗಿ ಬಂದಿರುವುದನ್ನೂ, ಜ್ಞಾನವು ಮೊದಲನೆಯದಾಗಿ ನಿಂತಿರುವುದನ್ನೂ ಗಮನಿಸಬೇಕು.

ಈ ಜ್ಞಾನವು ಎಲ್ಲಿಂದ ಬರುವುದು? ಹಿರಿಯರು ಮಾಡಿದುದನ್ನು ನೋಡಿ ಕಲಿಯುವುದು ಒಂದು ದಾರಿ. ವೈದ್ಯನು ಹೇಳಿದುದನ್ನು ಕೇಳಿ ನಡೆಯುವುದು ಮತ್ತೊಂದು. ಮೂರನೆಯ ದಾರಿಯೊಂದುಂಟು. ಉಪಚಾರ ಮಾಡುವವಳು ತಾನೇ ಕಂಡುದನ್ನು ಬರೆದಿಟ್ಟು, ಎಣಿಸಿ, ಒಂದು ಬಗೆಯ ಉಪಚಾರವನ್ನು ಮತ್ತೊಂದು ಬಗೆಯೊಡನೆ ಹೋಲಿಸಿ, ಯಾವುದರಿಂದ ರೋಗಿಗೆ ಹೆಚ್ಚು ಹಿತವಾಯಿತೆಂದು ನಿರ್ಣಯಿಸುವುದು. ಈ ಮೂರನೆಯದನ್ನೇ ಶುಶ್ರೂಷಾ ಸಂಶೋಧನೆಯೆಂದು ಕರೆಯುತ್ತಾರೆ. ಅದು ಹುಟ್ಟಿದ ಬಗೆಯನ್ನೂ, ಬಹಳ ದೂರ ಸುತ್ತಿ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹೆರಿಗೆಯ ಕೋಣೆಗಳಿಗೆ ಬಂದ ಬಗೆಯನ್ನೂ ತಿಳಿಸುವುದು ಈ ಲೇಖನದ ಉದ್ದೇಶ.

೨

ಫ್ಲಾರೆನ್ಸ್ ನೈಟಿಂಗೇಲ್ ಎಂಬ ಹೆಸರನ್ನು ಕೇಳದವರಿಲ್ಲ. ದೀಪ ಹಿಡಿದು ಗಾಯಾಳುಗಳ ನಡುವೆ ನಡೆದ ಮಹಾತಾಯಿಯೆಂದು ಶಾಲೆಯ ಪುಸ್ತಕಗಳಲ್ಲಿ ಅವಳ ಕಥೆಯನ್ನು ಓದಿದ್ದೇವೆ. ಆದರೆ ಅವಳ ಕೈಯಲ್ಲಿ ದೀಪದ ಜೊತೆಗೆ ಲೆಕ್ಕದ ಪುಸ್ತಕವೂ ಇದ್ದಿತೆಂಬುದನ್ನು ಆ ಪಾಠಗಳು ಹೇಳುವುದಿಲ್ಲ.

೧೮೫೪ರ ನವೆಂಬರಿನಲ್ಲಿ ಅವಳು ತುರ್ಕಿ ದೇಶದ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಬಂದಳು. ಅವಳು ಬಂದ ಮಾತ್ರಕ್ಕೆ ಸಾವು ನಿಲ್ಲಲಿಲ್ಲ. ೧೮೫೫ರ ಫೆಬ್ರವರಿಯಲ್ಲಿ ಅಲ್ಲಿ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಸುಮಾರು ೪೨ ಮಂದಿ ಸಾಯುತ್ತಿದ್ದರು. ಮಾರ್ಚಿಯಲ್ಲಿ ಆರೋಗ್ಯ ನಿಯೋಗವೊಂದು ಬಂದು ಆಸ್ಪತ್ರೆಯ ಕೆಳಗಿನ ಕೊಳಚೆ ಕಾಲುವೆಗಳನ್ನು ತೆಗೆಯಿಸಿ, ಗಾಳಿ ಬೆಳಕುಗಳಿಗೆ ದಾರಿಮಾಡಿದ ಮೇಲೆ, ಬೇಸಗೆಯ ಹೊತ್ತಿಗೆ ಅದು ನೂರಕ್ಕೆ ೨ರ ಸುಮಾರಿಗೆ ಇಳಿಯಿತು. ಯುದ್ಧವು ಮುಗಿದು ಊರಿಗೆ ಮರಳಿದ ತರುವಾಯ ಅವಳು ವಿಲಿಯಂ ಫಾರ್ ಎಂಬ ಅಂಕಿ ಅಂಶಗಳ ಪಂಡಿತನೊಡನೆ ಕುಳಿತು ಆ ಲೆಕ್ಕಗಳನ್ನು ಪರಿಶೀಲಿಸಿದಳು. ಗಾಯಗಳಿಂದ ಸತ್ತವರಿಗಿಂತಲೂ ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರೇ ಬಹು ಹೆಚ್ಚೆಂಬುದು ಆಗ ಸ್ಪಷ್ಟವಾಯಿತು. ತನ್ನ ಕಣ್ಣೆದುರಿಗೆ ನಡೆದುದರ ಕಾರಣವು ಅಲ್ಲಿದ್ದಾಗ ಅವಳಿಗೇ ಪೂರ್ಣವಾಗಿ ತಿಳಿದಿರಲಿಲ್ಲ. ಎಣಿಸಿದ ಮೇಲೆ ತಿಳಿಯಿತು. ಅವಳ ಭಕ್ತಿಯಲ್ಲಿ ಕೊರತೆಯಿರಲಿಲ್ಲ. ಆದರೂ ಭಕ್ತಿಯು ಕಾಣದುದನ್ನು ಲೆಕ್ಕವು ಕಾಣಿಸಿತು.

ಹಿಂದೂಸ್ಥಾನದ ಕಡೆಗೂ ಅವಳ ದೃಷ್ಟಿಯು ತಿರುಗಿತು. ಇಲ್ಲಿಯ ಬ್ರಿಟಿಷ್ ಸೈನ್ಯದ ಆರೋಗ್ಯಸ್ಥಿತಿಯನ್ನು ವಿಚಾರಿಸಲು ೧೮೫೯ರಲ್ಲಿ ನೇಮಕವಾದ ರಾಜನಿಯೋಗವು ೧೮೬೩ರಲ್ಲಿ ವರದಿಯನ್ನೊಪ್ಪಿಸಿತು. ಪ್ರತಿಯೊಂದು ದಂಡಿನ ಠಾಣೆಗೂ ಪ್ರಶ್ನೆಗಳ ಪಟ್ಟಿಯನ್ನು ಕಳುಹಿಸಿ, ಬಂದ ಉತ್ತರಗಳನ್ನೆಲ್ಲ ಅವಳು ಲಂಡನ್ನಿನಲ್ಲಿ ಕುಳಿತೇ ಓದಿ ವಿಮರ್ಶಿಸಿದಳು. ಬೆಂಗಳೂರಿನ ಹಲಸೂರು ಕೆರೆಗೆ ಬಜಾರಿನ ಕೊಳಚೆಯು ಹರಿದು ಸೇರುತ್ತಿರುವುದೂ, ಆ ಕೆರೆಯ ನೀರನ್ನೇ ಕುಡಿಯುತ್ತಿರುವುದೂ ಅವಳ ಟಿಪ್ಪಣಿಗಳಲ್ಲಿ ಬಂದಿದೆ. ಹಿಂದಿನ ದಶಕಗಳಲ್ಲಿ ಸೈನಿಕರ ಮರಣವು ವರ್ಷಕ್ಕೆ ಸಾವಿರಕ್ಕೆ ೬೯ರಷ್ಟಿದ್ದಿತು. ನೀರು, ವಸತಿ, ಕೊಳಚೆಗಳನ್ನು ಸರಿಪಡಿಸಿದ ಹತ್ತು ವರ್ಷಗಳಲ್ಲಿ ಅದು ೧೮ಕ್ಕೆ ಇಳಿಯಿತೆಂದು ಅವಳು ತೋರಿಸಿಕೊಟ್ಟಳು. ಈ ದೇಶಕ್ಕೆ ಅವಳು ಒಮ್ಮೆಯೂ ಕಾಲಿಡಲಿಲ್ಲವೆಂಬುದು ನೆನಪಿನಲ್ಲಿರಬೇಕು. ಆದರೆ ಎಣಿಸಿದ್ದು ಸೈನಿಕರನ್ನು. ಠಾಣೆಯ ಹೊರಗಿನ ಹಳ್ಳಿಗಳಲ್ಲಿ ಸತ್ತವರನ್ನು ಇಷ್ಟು ಶ್ರದ್ಧೆಯಿಂದ ಎಣಿಸಿದವರಿರಲಿಲ್ಲ.

ಅವಳ ಇನ್ನೊಂದು ಕೃತಿಯು ನಮ್ಮ ವಿಷಯಕ್ಕೆ ಇನ್ನೂ ಸಮೀಪವಾದುದು. ಸೂಲಗಿತ್ತಿಯರ ಶಿಕ್ಷಣಕ್ಕಾಗಿ ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯಲ್ಲಿ ಅವಳ ನಿಧಿಯಿಂದ ತೆರೆದ ಹೆರಿಗೆಯ ವಿಭಾಗವನ್ನು ಕೆಲವೇ ವರ್ಷಗಳಲ್ಲಿ ಮುಚ್ಚಬೇಕಾಯಿತು. ಬಾಣಂತಿ ಜ್ವರದಿಂದ ತಾಯಂದಿರು ಸಾಯುತ್ತಿದ್ದುದೇ ಕಾರಣ. ಅವಳು ಈ ಸೋಲನ್ನು ಮುಚ್ಚಿಡದೆ, ಹಲವು ಊರುಗಳ ಹೆರಿಗೆಯಾಸ್ಪತ್ರೆಗಳ ಮರಣಸಂಖ್ಯೆಗಳನ್ನು ಕೂಡಿಸಿ ೧೮೭೧ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿದಳು. ಮನೆಯಲ್ಲಿ ಹೆತ್ತವರಿಗಿಂತ ಆಸ್ಪತ್ರೆಯಲ್ಲಿ ಹೆತ್ತವರೇ ಆ ಕಾಲದಲ್ಲಿ ಹೆಚ್ಚಾಗಿ ಸಾಯುತ್ತಿದ್ದರೆಂಬುದು ಅದರಿಂದ ತಿಳಿದುಬಂದಿತು. ಆಸ್ಪತ್ರೆಯೆಂಬ ಹೆಸರಿನಿಂದಲೇ ಜೀವವುಳಿಯದು; ಅಲ್ಲಿ ನಡೆಯುವ ಉಪಚಾರದಿಂದ ಉಳಿಯಬೇಕು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ನೂರನಲವತ್ತು ವರ್ಷಗಳ ತರುವಾಯ ನಮ್ಮ ತಾಲ್ಲೂಕುಗಳಲ್ಲಿಯೇ ಇದು ಮತ್ತೆ ಎದುರಾಗುವುದು.

೩

ಆಗ ಈ ಮೂರು ತಾಲ್ಲೂಕುಗಳ ಪ್ರದೇಶವು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಿತು. ಆ ಸಂಸ್ಥಾನದಲ್ಲಿ ವೈದ್ಯಸಂಶೋಧನೆಯು ಇರಲಿಲ್ಲವೆಂದು ಹೇಳುವಂತಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಮೂರ್ಛೆ ತರಿಸಲು ಬಳಸುವ ಕ್ಲೋರೋಫಾರ್ಮಿನಿಂದ ರೋಗಿಯು ಸಾಯುವುದು ಉಸಿರು ನಿಂತೋ, ಹೃದಯವು ನಿಂತೋ ಎಂಬ ವಿವಾದವನ್ನು ತೀರಿಸಲು ಎಡ್ವರ್ಡ್ ಲಾರಿ ಎಂಬ ವೈದ್ಯನ ಪ್ರಯತ್ನದಿಂದ ೧೮೮೮ರಲ್ಲಿಯೂ ೧೮೮೯ರಲ್ಲಿಯೂ ಹೈದರಾಬಾದಿನಲ್ಲಿ ಎರಡು ಆಯೋಗಗಳು ನಡೆದವು. ಎರಡನೆಯದಕ್ಕೆ ನಿಜಾಮ ಮೀರ್ ಮಹಬೂಬ್ ಅಲೀ ಖಾನರು ಸಾವಿರ ಪೌಂಡುಗಳನ್ನು ಕೊಟ್ಟು ಲಂಡನ್ನಿನಿಂದ ಲಾಡರ್ ಬ್ರಂಟನ್ ಎಂಬ ಪ್ರಸಿದ್ಧ ವೈದ್ಯನನ್ನು ಕರೆಯಿಸಿದರು. ನಾಡಿಯನ್ನಲ್ಲ, ಉಸಿರಾಟವನ್ನು ಬಿಡದೆ ನೋಡುತ್ತಿರಬೇಕೆಂಬುದು ಆ ಆಯೋಗದ ತೀರ್ಮಾನ. ೧೯೧೧ರಲ್ಲಿ ಗುಡ್‌ಮನ್ ಲೆವಿ ಎಂಬಾತನು ಕ್ಲೋರೋಫಾರ್ಮು ಹೃದಯವನ್ನೇ ಫಕ್ಕನೆ ನಿಲ್ಲಿಸಬಲ್ಲುದೆಂದು ತೋರಿಸಿದಾಗ ಆ ತೀರ್ಮಾನವು ಅರ್ಧಸತ್ಯವೆಂಬುದು ತಿಳಿಯಿತು. ಸಂಶೋಧನೆಯೂ ತಪ್ಪಬಹುದು, ಮುಂದಿನ ಸಂಶೋಧನೆಯಿಂದಲೇ ಅದನ್ನು ತಿದ್ದಬೇಕು. ಆ ಕಾಲದಲ್ಲಿಯೇ ಹೈದರಾಬಾದಿನ ವೈದ್ಯಶಾಲೆಯಲ್ಲಿ ಕಲಿತ ರೂಪಾಬಾಯಿ ಫರ್ದೂನ್‌ಜಿಯವರು ಅರಿವಳಿಕೆ ನೀಡುವ ಕೆಲಸದಲ್ಲಿ ಲೋಕದ ಮೊದಲ ಮಹಿಳೆಯರಲ್ಲೊಬ್ಬರೆಂದು ಹೆಸರಾದರು.

ಇದೆಲ್ಲವೂ ರಾಜಧಾನಿಯ ಮಾತು. ಭೀಮಾ ಅಮರ್ಜಾ ನದಿಗಳ ದಡದ ಹಳ್ಳಿಗಳಲ್ಲಿ ಹೆರಿಗೆಯು ಸೂಲಗಿತ್ತಿಯ ಕೈಯಲ್ಲಿಯೇ ಇದ್ದಿತು. ಅವಳ ಅರಿವನ್ನು ಹೀನಾಯವಾಗಿ ಕಾಣುವುದು ತರವಲ್ಲ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಮಿಕ್ಕು ಹೆರಿಗೆಗಳನ್ನು ಮಾಡಿಸಿದರೆಂದು ೨೦೧೮ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಕೊಟ್ಟು ಗೌರವಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಇಂಥ ಕೈಗಳಲ್ಲಿ ಎಷ್ಟು ಸೂಕ್ಷ್ಮವಾದ ತಿಳಿವಳಿಕೆಯಿದ್ದಿತೋ! ಆದರೆ ಅದನ್ನು ಬರೆದಿಡುವವರಿರಲಿಲ್ಲ. ಕೈಯೊಡನೆ ಅರಿವೂ ಹೋಯಿತು. ಸೋತ ಹೆರಿಗೆಗಳನ್ನೂ ಬರೆದವರಿಲ್ಲ. ಆದುದರಿಂದ ಯಾವ ಕ್ರಮವು ಒಳ್ಳೆಯದು, ಯಾವುದು ಕೆಟ್ಟದು ಎಂದು ಹೋಲಿಸುವ ದಾರಿಯೇ ಇರಲಿಲ್ಲ. ಹಣೆಬರಹವೆಂದು ಜನರು ಸುಮ್ಮನಾದರು.

ಕಲಿತ ದಾದಿಯರ ಸಂಖ್ಯೆಯಾದರೂ ಎಷ್ಟಿದ್ದಿತು? ಸರ್ ಜೋಸೆಫ್ ಭೋರ್ ಅವರ ಸಮಿತಿಯು ೧೯೪೬ರಲ್ಲಿ ಒಪ್ಪಿಸಿದ ವರದಿಯಂತೆ ಬ್ರಿಟಿಷ್ ಇಂಡಿಯದಲ್ಲೆಲ್ಲ ಸುಮಾರು ೭,೦೦೦ ದಾದಿಯರಿದ್ದರು; ೪೩,೦೦೦ ಜನರಿಗೆ ಒಬ್ಬಳಂತಾಯಿತು. ಆ ಲೆಕ್ಕದೊಳಗೆ ಸಂಸ್ಥಾನದ ಪ್ರಜೆಗಳಾದ ನಮ್ಮ ಹಿರಿಯರು ಸೇರಿಯೇ ಇರಲಿಲ್ಲ. ಅದೇ ೧೯೪೬ರಲ್ಲಿ ದಿಲ್ಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ಶುಶ್ರೂಷೆಗೆ ಪದವಿಯ ಶಿಕ್ಷಣವು ಮೊದಲಾಯಿತು. ೧೯೪೭ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆಯಾಯಿತು. ೧೯೪೮ರಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. ೧೯೫೬ರಲ್ಲಿ ಕಲಬುರಗಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬಂದಿತು. ೧೯೫೯ರಲ್ಲಿ ದಿಲ್ಲಿಯ ಕಾಲೇಜಿನಲ್ಲಿ ಸ್ನಾತಕೋತ್ತರ ಶಿಕ್ಷಣವು ಪ್ರಾರಂಭವಾದಂದಿನಿಂದ ದಾದಿಯು ಸಂಶೋಧನ ಪ್ರಬಂಧವನ್ನು ಬರೆಯುವುದು ಈ ದೇಶದಲ್ಲಿ ಶಿಕ್ಷಣದ ಅಂಗವಾಯಿತು. ಕಲಬುರಗಿಯಲ್ಲಿ ೧೯೬೩ರಲ್ಲಿ ಮಹಾದೇವಪ್ಪ ರಾಂಪೂರೆ ವೈದ್ಯಕೀಯ ಕಾಲೇಜು ಸ್ಥಾಪಿತವಾಯಿತು. ೧೯೯೬ರಲ್ಲಿ ರಾಜೀವ ಗಾಂಧಿ ಆರೋಗ್ಯವಿಜ್ಞಾನಗಳ ವಿಶ್ವವಿದ್ಯಾಲಯವು ಹುಟ್ಟಿದ ಮೇಲೆ ರಾಜ್ಯದ ಶುಶ್ರೂಷಾ ಕಾಲೇಜುಗಳಲ್ಲಿ ಇಂಥ ಪ್ರಬಂಧಗಳು ಬಹುಸಂಖ್ಯೆಯಲ್ಲಿ ಹೊರಬಂದಿವೆ. ಅವುಗಳಲ್ಲಿ ಹಲವು ಪರೀಕ್ಷೆಗೆಂದು ಬರೆಯಲ್ಪಟ್ಟು ಕಪಾಟಿನಲ್ಲಿ ಕುಳಿತಿರುವುದೂ ನಿಜ. ರೋಗಿಯ ಹಾಸಿಗೆಯವರೆಗೆ ತಲಪಿದ ಸಂಶೋಧನೆಯನ್ನು ನೋಡಬೇಕಾದರೆ ನಮ್ಮ ನಾಡಿನ ಪಶ್ಚಿಮದ ಜಿಲ್ಲೆಯೊಂದಕ್ಕೆ ಹೋಗಬೇಕು.

೪

ಹೆರಿಗೆಯಾದೊಡನೆ ತಾಯಿಯ ಗರ್ಭಕೋಶವು ಬಿಗಿಯಾಗಿ ಕುಗ್ಗಬೇಕು. ಕುಗ್ಗದಿದ್ದರೆ ರಕ್ತವು ನಿಲ್ಲದೆ ಹರಿದು ಕೆಲವು ಗಳಿಗೆಗಳಲ್ಲಿಯೇ ಪ್ರಾಣವು ಹೋಗಬಹುದು. ಬಡ ದೇಶಗಳ ತಾಯಂದಿರ ಮರಣಕ್ಕೆ ಇದೇ ಬಹು ದೊಡ್ಡ ಕಾರಣ. ಇದನ್ನು ತಡೆಯುವ ಆಕ್ಸಿಟೋಸಿನ್ ಎಂಬ ಸೂಜಿಮದ್ದನ್ನು ತಂಪಿನಲ್ಲಿಡಬೇಕು, ಚುಚ್ಚಲು ಬಲ್ಲವರು ಬೇಕು. ವಿದ್ಯುಚ್ಛಕ್ತಿಯಿಲ್ಲದ ಹಳ್ಳಿಯ ಮನೆಯಲ್ಲಿ ಏನು ಮಾಡುವುದು? ಬಾಯಿಯಿಂದ ನುಂಗುವ ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯಿಂದ ಈ ಕೆಲಸವಾದೀತೆ?

ಈ ಪ್ರಶ್ನೆಯನ್ನು ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಡಾ. ಬಿ. ಎಸ್. ಕೊಡ್ಕಣಿ, ಡಾ. ಶಿವಪ್ರಸಾದ ಗೌಡರ ಮೊದಲಾದವರೂ ಅಮೆರಿಕದ ಡಾ. ರಿಚರ್ಡ್ ಡರ್ಮನ್ ಅವರೂ ಕೂಡಿ ಕೈಗೆತ್ತಿಕೊಂಡರು. ೨೦೦೨ರ ಸೆಪ್ಟೆಂಬರಿನಿಂದ ೨೦೦೫ರ ಡಿಸೆಂಬರಿನವರೆಗೆ ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹಳ್ಳಿಗಳಲ್ಲಿ ೧,೬೨೦ ಮಂದಿ ತಾಯಂದಿರು ಇದರಲ್ಲಿ ಪಾಲ್ಗೊಂಡರು. ಚೀಟಿ ಎತ್ತುವ ಕ್ರಮದಿಂದ ೮೧೨ ಮಂದಿಗೆ ನಿಜವಾದ ಗುಳಿಗೆಯನ್ನೂ, ೮೦೮ ಮಂದಿಗೆ ಅದೇ ರೂಪದ, ಔಷಧವಿಲ್ಲದ ಗುಳಿಗೆಯನ್ನೂ ಕೊಟ್ಟರು. ಹೆರಿಗೆ ಮಾಡಿಸಿದವರು, ಗುಳಿಗೆ ಕೊಟ್ಟವರು, ಹರಿದ ರಕ್ತವನ್ನು ಅಳೆದವರು ದೊಡ್ಡ ವೈದ್ಯರಲ್ಲ. ಉಪಕೇಂದ್ರಗಳಲ್ಲಿ ಕೆಲಸಮಾಡುವ ೨೫ ಮಂದಿ ಸಹಾಯಕ ದಾದಿಯರು.

ರಕ್ತವನ್ನು ಅಳೆದ ಬಗೆಯನ್ನು ತುಸು ವಿಸ್ತರಿಸಿ ಹೇಳಬೇಕಾಗಿದೆ. ಬಟ್ಟೆಗೆ ಅಂಟಿದ, ನೆಲಕ್ಕೆ ಸುರಿದ ರಕ್ತವನ್ನು ಕಣ್ಣಂದಾಜಿನಿಂದ ಇಷ್ಟೆಂದು ಹೇಳುವುದು ಎಲ್ಲೆಡೆಯಲ್ಲಿಯೂ ರೂಢಿಯಾಗಿದ್ದಿತು. ಬೆಳಗಾವಿಯಲ್ಲಿ ತಾಯಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆಯೊಂದನ್ನು ಬಳಸಿದರು. ಅದರ ತುದಿಯಲ್ಲಿ ಕೊಳವೆಯಾಕಾರದ ಚೀಲವೂ, ಚೀಲದ ಮೇಲೆ ಅಳತೆಯ ಗೆರೆಗಳೂ ಇದ್ದವು. ಕಣ್ಣಂದಾಜನ್ನು ಈ ಅಳತೆಯೊಡನೆ ಹೋಲಿಸಿ ನೋಡಿದಾಗ ಅಂದಾಜು ಸುಮಾರು ಮೂರರಲ್ಲೊಂದು ಪಾಲು ಕಡಮೆಯಾಗಿರುವುದು ಕಂಡುಬಂದಿತು. ಅಂದರೆ, ತಾಯಿಯು ಅಪಾಯದಲ್ಲಿರುವಾಗಲೂ ಬಳಿಯಲ್ಲಿ ನಿಂತವರಿಗೆ ಅಪಾಯವು ಕಾಣುತ್ತಿರಲಿಲ್ಲ.

ಪರೀಕ್ಷೆಯ ಫಲವು ೨೦೦೬ರ ಅಕ್ಟೋಬರಿನಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅರ್ಧ ಲೀಟರಿಗೆ ಕಡಮೆಯಿಲ್ಲದ ರಕ್ತಸ್ರಾವವು ಬರಿಯ ಗುಳಿಗೆ ನುಂಗಿದವರಲ್ಲಿ ನೂರಕ್ಕೆ ೧೨ ಮಂದಿಗೂ, ಔಷಧದ ಗುಳಿಗೆ ನುಂಗಿದವರಲ್ಲಿ ನೂರಕ್ಕೆ ೬.೪ ಮಂದಿಗೂ ಆಗಿದ್ದಿತು. ಅತಿ ತೀವ್ರವಾದ ಸ್ರಾವವು ಸಾವಿರಕ್ಕೆ ೧೨ರಿಂದ ೨ಕ್ಕೆ ಇಳಿದಿದ್ದಿತು. ಹದಿನೆಂಟು ಮಂದಿ ತಾಯಂದಿರಿಗೆ ಗುಳಿಗೆ ಕೊಟ್ಟರೆ ಒಬ್ಬಳ ರಕ್ತಸ್ರಾವವನ್ನು ತಡೆದಂತಾಯಿತು. ಚಳಿ ಜ್ವರಗಳು ಕೆಲವರಿಗೆ ಸ್ವಲ್ಪ ಹೊತ್ತು ಕಾಣಿಸಿಕೊಂಡುದನ್ನೂ ಮುಚ್ಚಿಡದೆ ಬರೆದರು. ೨೦೧೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉಪಯೋಗಕ್ಕಾಗಿ ಈ ಗುಳಿಗೆಯನ್ನು ಅತ್ಯವಶ್ಯಕ ಔಷಧಗಳ ಪಟ್ಟಿಯಲ್ಲಿ ಸೇರಿಸಿತು. ಅಳತೆಯ ಚೀಲವೂ ಹಾಗೆಯೇ ಸಮುದ್ರವನ್ನು ದಾಟಿತು. ೨೦೨೩ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ ಆಫ್ರಿಕದ ನಾಲ್ಕು ದೇಶಗಳ ೮೦ ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ, ಇಂಥ ಅಳತೆಯ ಚೀಲವನ್ನೂ ಒಡನೆಯೇ ಮಾಡತಕ್ಕ ಚಿಕಿತ್ಸೆಯ ಕಟ್ಟನ್ನೂ ಜೊತೆಗೂಡಿಸಿದಾಗ ಗಂಡಾಂತರವು ನೂರಕ್ಕೆ ೬೦ರಷ್ಟು ಕಡಮೆಯಾಯಿತು.

ಬೆಳಗಾವಿ ಸೀಮೆಯ ಇಪ್ಪತ್ತೈದು ಮಂದಿ ದಾದಿಯರು ಸರಿಯಾಗಿ ಅಳೆದು ಸರಿಯಾಗಿ ಬರೆದಿರದಿದ್ದರೆ ಆ ಪರೀಕ್ಷೆಯ ಅಂಕಿಗಳಿಗೆ ಬೆಲೆಯೇ ಇರುತ್ತಿರಲಿಲ್ಲ. ಲೋಕದ ವೈದ್ಯಶಾಸ್ತ್ರಕ್ಕೆ ಕನ್ನಡನಾಡಿನ ಹಳ್ಳಿಯ ದಾದಿಯು ಸಲ್ಲಿಸಿದ ಕಾಣಿಕೆಯಿದು.

೫

ಇನ್ನು ನಮ್ಮ ತಾಲ್ಲೂಕುಗಳ ವಿಷಯ. ೨೦೦೫ರಲ್ಲಿ ಜನನಿ ಸುರಕ್ಷಾ ಯೋಜನೆಯು ಬಂದ ಮೇಲೆ ಹೆರಿಗೆಗಾಗಿ ಆಸ್ಪತ್ರೆಗೆ ಬರುವವರ ಸಂಖ್ಯೆಯು ಬೇಗನೆ ಏರಿತು. ಹಗಲಿರುಳೂ ತೆರೆದಿರತಕ್ಕ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ದಾದಿಯರೇ ಹೆರಿಗೆಯ ಭಾರವನ್ನು ಹೊತ್ತರು. ೧೮೭೧ರ ಪ್ರಶ್ನೆಯು ಇಲ್ಲಿ ಮತ್ತೆ ತಲೆಯೆತ್ತಿತು: ಆಸ್ಪತ್ರೆಗೆ ಬಂದುದಾಯಿತು, ಬಂದವಳಿಗೆ ಅಲ್ಲಿ ಯಾವ ಬಗೆಯ ಉಪಚಾರವು ದೊರೆಯುವುದು?

ಇದನ್ನು ಅರಿಯಲೂ ತಿದ್ದಲೂ ಕರ್ನಾಟಕ ಹೆಲ್ತ್ ಪ್ರೊಮೋಷನ್ ಟ್ರಸ್ಟು, ಸರಕಾರ, ಕೆನಡದ ಮ್ಯಾನಿಟೋಬ ವಿಶ್ವವಿದ್ಯಾಲಯ, ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆ ಮೊದಲಾದವುಗಳು ಕೂಡಿ ಗೇಟ್ಸ್ ಪ್ರತಿಷ್ಠಾನದ ದ್ರವ್ಯಸಹಾಯದಿಂದ ‘ಸುಕ್ಷೇಮ’ವೆಂಬ ಯೋಜನೆಯನ್ನು ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ನಡೆಸಿದವು. ಬಾಗಲಕೋಟೆ, ವಿಜಾಪುರ, ಬಳ್ಳಾರಿ, ಕೊಪ್ಪಳ, ರಾಯಚೂರು, ಯಾದಗಿರಿ, ಕಲಬುರಗಿ, ಬೀದರ ಇವೇ ಆ ಎಂಟು. ಅವುಗಳಲ್ಲಿ ಬಳ್ಳಾರಿ ಮತ್ತು ಕಲಬುರಗಿ ಜಿಲ್ಲೆಗಳನ್ನು ಆರಿಸಿ ಮೊದಲು ಪರೀಕ್ಷೆಯೊಂದನ್ನು ನಡೆಸಿದರು. ಎರಡು ಜಿಲ್ಲೆಗಳಲ್ಲಿ ಹಗಲಿರುಳು ನಡೆಯುತ್ತಿದ್ದ ಇಂಥ ೧೦೮ ಕೇಂದ್ರಗಳನ್ನೂ ಪರೀಕ್ಷೆಯೊಳಗೆ ಸೇರಿಸಿದುದರಿಂದ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಕೇಂದ್ರಗಳೂ ಈ ಚರಿತ್ರೆಯ ಪಾಲುದಾರರಾದವು.

ಪರೀಕ್ಷೆಯ ಕ್ರಮವು ಸರಳವಾದುದು. ೧೦೮ ಕೇಂದ್ರಗಳ ದಾದಿಯರಿಗೂ ಮೊದಲಲ್ಲಿ ಶಿಕ್ಷಣವನ್ನು ಕೊಟ್ಟರು. ಎಲ್ಲರಿಗೂ ಹೊಸ ಬಗೆಯ ಹೆರಿಗೆಯ ಪತ್ರಕವನ್ನು ಕೊಟ್ಟರು. ಅನಂತರ ಚೀಟಿ ಎತ್ತಿ ೫೪ ಕೇಂದ್ರಗಳನ್ನು ಆರಿಸಿ, ಅವುಗಳಿಗೆ ಮಾತ್ರ ಅನುಭವವುಳ್ಳ ಮಾರ್ಗದರ್ಶಕ ದಾದಿಯರನ್ನು ಆರು ಸಾರಿ ಕಳುಹಿಸಿದರು. ೨೦೧೨ರ ಏಪ್ರಿಲಿನಲ್ಲಿ ಒಮ್ಮೆ, ೨೦೧೩ರ ಆಗಸ್ಟಿನಲ್ಲಿ ಮತ್ತೊಮ್ಮೆ ಎಲ್ಲ ಕೇಂದ್ರಗಳನ್ನೂ ಪರಿಶೀಲಿಸಿ ಹೋಲಿಸಿದರು. ಒಮ್ಮೆ ತರಗತಿಯಲ್ಲಿ ಕೂರಿಸಿ ಪಾಠ ಹೇಳಿದರೆ ಸಾಕೆ, ಇಲ್ಲವೆ ಹೆರಿಗೆಯ ಕೋಣೆಗೇ ಹೋಗಿ ಪಕ್ಕದಲ್ಲಿ ನಿಂತು ತೋರಿಸಿಕೊಡಬೇಕೆ ಎಂಬುದೇ ಅಲ್ಲಿಯ ಪ್ರಶ್ನೆ. ಅರ್ಧ ಕೇಂದ್ರಗಳನ್ನು ಬಿಟ್ಟುದು ಅನ್ಯಾಯವಲ್ಲವೆ ಎಂದು ಯಾರಾದರೂ ಕೇಳಬಹುದು. ಹೋಲಿಸಲು ಮತ್ತೊಂದು ಗುಂಪಿಲ್ಲದಿದ್ದರೆ ಕಂಡುಬಂದ ಸುಧಾರಣೆಯು ಮಾರ್ಗದರ್ಶನದ್ದೋ, ಕಾಲಗತಿಯದ್ದೋ ಹೇಳಲಾಗದು. ಹೇಳಲಾಗದಿದ್ದರೆ ಅದನ್ನು ಎಲ್ಲೆಡೆಗೂ ಹಬ್ಬಿಸಲು ಸರಕಾರದ ಮುಂದಿಡುವ ಆಧಾರವೂ ಇರದು.

ಪತ್ರಕದ ಮಹತ್ವವನ್ನು ಇಲ್ಲಿ ಹೇಳದಿರಲಾಗದು. ಮಾಡಿದ ಮೇಲೆ ಬರೆಯುವ ದಫ್ತರವಲ್ಲ ಅದು. ಏನನ್ನು ಮಾಡಬೇಕೆಂದು ನೆನಪಿಸುವ ಕೈದೀವಿಗೆ. ಬಂದೊಡನೆ ತಾಯಿಯ ರಕ್ತದೊತ್ತಡವನ್ನು ನೋಡಿದೆಯೆ, ಕೂಸಿನ ಹೃದಯದ ಬಡಿತವನ್ನು ಕೇಳಿದೆಯೆ, ಕೂಸು ಹುಟ್ಟಿದೊಡನೆ ಆಕ್ಸಿಟೋಸಿನ್ ಕೊಟ್ಟೆಯೆ, ಅಪಾಯವು ಕಂಡರೆ ಯಾವಾಗ ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕು ಎಂದು ಮುಂತಾಗಿ ಅದು ಹಂತಹಂತಕ್ಕೂ ಕೇಳುವುದು. ಉತ್ತರವನ್ನು ಬರೆಯಬೇಕಾದರೆ ನೋಡಲೇಬೇಕು. ಹೀಗೆ ದಿನದಿನದ ಉಪಚಾರವೇ ಮುಂದಿನ ಸಂಶೋಧನೆಗೆ ಸಾಮಗ್ರಿಯಾಗುವುದು.

ಫಲವನ್ನು ೨೦೧೬ರಲ್ಲಿ ಪ್ರಕಟಿಸಿದರು. ಮಾರ್ಗದರ್ಶಕ ದಾದಿಯು ಹೋಗಿ ಬಂದ ಕೇಂದ್ರಗಳು ಸಲಕರಣೆಗಳಲ್ಲಿಯೂ ಔಷಧಗಳ ಸಿದ್ಧತೆಯಲ್ಲಿಯೂ, ಅಲ್ಲಿಯ ದಾದಿಯರು ಗಂಡಾಂತರಗಳನ್ನು ಎದುರಿಸುವ ತಿಳಿವಳಿಕೆಯಲ್ಲಿಯೂ ಉಳಿದ ಕೇಂದ್ರಗಳಿಗಿಂತ ಮುಂದಾಗಿದ್ದರು. ಬರಿಯ ತರಗತಿಯ ಶಿಕ್ಷಣವು ಸಾಲದೆಂಬುದು ಇದರಿಂದ ಸಿದ್ಧವಾಯಿತು. ೨೦೧೨ರ ಆಗಸ್ಟಿನಿಂದ ೨೦೧೪ರ ಜುಲೈವರೆಗೆ ನಡೆದ ಈ ಕಾರ್ಯವು ೫೩ ಮಂದಿ ಮಾರ್ಗದರ್ಶಕ ದಾದಿಯರ ಮೂಲಕ ಎಂಟು ಜಿಲ್ಲೆಗಳ ೩೮೫ ಕೇಂದ್ರಗಳಿಗೆ ಹಬ್ಬಿತು. ಒಬ್ಬೊಬ್ಬಳ ಪಾಲಿಗೆ ಆರರಿಂದ ಎಂಟು ಕೇಂದ್ರಗಳು. ಪರೀಕ್ಷಕರು ಅಳೆದುದು ಸಿದ್ಧತೆಯನ್ನೂ ತಿಳಿವನ್ನೂ. ತಾಯಂದಿರ ಮರಣವನ್ನು ನೇರವಾಗಿ ಅಳೆಯುವ ಪರೀಕ್ಷೆ ಅದಾಗಿರಲಿಲ್ಲ. ಇರುವುದಕ್ಕಿಂತ ಹೆಚ್ಚಿನ ಕೀರ್ತಿಯನ್ನು ಅದಕ್ಕೆ ಹೊರಿಸಬಾರದು.

ಆ ಯೋಜನೆಯ ದಾದಿಯರೊಡನೆಯೂ ವೈದ್ಯರೊಡನೆಯೂ ಮಾತಾಡಿ ಬರೆದ ಇನ್ನೊಂದು ವರದಿಯು ೨೦೧೫ರಲ್ಲಿ ಹೊರಬಂದಿತು. ಅದರಲ್ಲಿ ತೊಡಕುಗಳ ವಿಷಯವೂ ಇದೆ. ಕೆಲವೆಡೆ ಹೆರಿಗೆಗಳು ಹೆಚ್ಚು, ದಾದಿಯರು ಕಡಮೆ. ಕೆಲವೆಡೆ ಕೇಂದ್ರದ ಮುಖ್ಯರು ಇರುವುದೇ ಇಲ್ಲ, ಇದ್ದರೂ ಬೆಂಬಲಿಸುವುದಿಲ್ಲ. ಮನೆತನದ ಕೆಲವು ಆಚಾರಗಳೂ ಒಳ್ಳೆಯ ಉಪಚಾರಕ್ಕೆ ಅಡ್ಡಬರುವುವು. ಕೂಸಿಗೆ ತಾಯಿಯ ಮೊದಲ ಹಾಲನ್ನು ಕೊಡದೆ ಜೇನನ್ನೋ ಸಕ್ಕರೆಯ ನೀರನ್ನೋ ನೆಕ್ಕಿಸುವುದು ನಮ್ಮ ಕಡೆಯ ಹಲವು ಮನೆಗಳಲ್ಲಿ ಇನ್ನೂ ಉಳಿದಿರುವುದನ್ನು ವಾಚಕರು ಬಲ್ಲರು.

೬

ಪ್ರಾಥಮಿಕ ಕೇಂದ್ರದ ದಾದಿಯು ಸಿದ್ಧಳಾಗಿರುವುದು ನಮ್ಮ ಸೀಮೆಗೆ ಏಕೆ ಇಷ್ಟು ಮುಖ್ಯ? ಆಳಂದ ಜೇವರ್ಗಿಗಳಿಂದ ಕಲಬುರಗಿಯ ದೊಡ್ಡ ಆಸ್ಪತ್ರೆಗಳಿಗೆ ಸುಮಾರು ನಲವತ್ತು ಕಿಲೋಮೀಟರು. ಅಫಜಲಪುರದಿಂದ ಅದಕ್ಕೂ ಹೆಚ್ಚು. ಒಳನಾಡಿನ ಹಳ್ಳಿಗಳಿಂದ ಮತ್ತೂ ಹೆಚ್ಚು. ೨೦೨೦ರ ಅಕ್ಟೋಬರಿನಲ್ಲಿ ಭೀಮೆಯು ಉಕ್ಕಿ ಅಫಜಲಪುರ ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳನ್ನು ಸುತ್ತುಗಟ್ಟಿದುದನ್ನು ಯಾರೂ ಮರೆತಿರಲಾರರು. ರಕ್ತಸ್ರಾವವು ಹೊಳೆಯಿಳಿಯುವವರೆಗೆ ಕಾಯುವುದಿಲ್ಲ. ಮೊದಲ ಗಳಿಗೆಯ ಉಪಚಾರವು ಹತ್ತಿರದ ದಾದಿಯಿಂದಲೇ ಆಗತಕ್ಕದ್ದು.

ಕರ್ನಾಟಕದಲ್ಲಿ ತಾಯಂದಿರ ಮರಣವು ೨೦೦೧–೦೩ರ ಲೆಕ್ಕದಂತೆ ಲಕ್ಷ ಜೀವಂತ ಜನನಗಳಿಗೆ ೨೨೮ ಇದ್ದುದು, ೨೦೧೮–೨೦ರ ಲೆಕ್ಕದಂತೆ ೬೯ಕ್ಕೆ ಇಳಿದಿದೆ. ಇದು ಹರ್ಷದ ಸಂಗತಿ. ಆದರೆ ಇದು ಇಡಿಯ ರಾಜ್ಯದ ಸರಾಸರಿ. ಸರಾಸರಿಯೆಂಬುದು ಕೆರೆಯ ನೀರಿನಂತೆ ಮೇಲೆ ಸಮವಾಗಿಯೇ ತೋರುವುದು. ತಳದಲ್ಲಿ ಎಲ್ಲಿ ಹಳ್ಳವಿದೆಯೆಂಬುದನ್ನು ಇಳಿದು ನೋಡಿದವರೇ ಬಲ್ಲರು. ತಾಯಿಯೊಬ್ಬಳು ಸತ್ತರೆ ಆ ಸಾವಿನ ಕಾರಣವನ್ನು ವಿಚಾರಿಸಿ ಬರೆಯಬೇಕೆಂದು ೨೦೧೦ರಲ್ಲಿ ಭಾರತ ಸರಕಾರವು ನಿಯಮಗಳನ್ನು ಮಾಡಿತು. ವಿಚಾರಣೆಯು ತಪ್ಪಿತಸ್ಥರನ್ನು ಹುಡುಕುವುದಕ್ಕಾಗಿಯಲ್ಲ, ತಪ್ಪಿದ ಹಂತವನ್ನು ಹುಡುಕುವುದಕ್ಕಾಗಿ ಎಂಬುದು ಅದರ ತಿರುಳು. ಬೈಗುಳಕ್ಕೆ ಹೆದರಿದ ದಾದಿಯು ನಿಜವನ್ನು ಬರೆಯಳು. ನಿಜವು ಬರೆಯಲ್ಪಡದಿದ್ದರೆ ಮುಂದಿನ ತಾಯಿಯೂ ಅದೇ ಹಂತದಲ್ಲಿ ಜಾರುವಳು.

ಆದುದರಿಂದ ಈ ವಿಷಯವು ದಾದಿಯರಿಗೂ ವೈದ್ಯರಿಗೂ ಮಾತ್ರ ಸೇರಿದುದಲ್ಲ. ಕಲಬುರಗಿಯ ಶುಶ್ರೂಷಾ ಕಾಲೇಜುಗಳ ವಿದ್ಯಾರ್ಥಿನಿಯರು ಪ್ರಬಂಧಕ್ಕೆ ವಿಷಯವನ್ನು ಹುಡುಕುವಾಗ ದೂರದ ದೇಶದ ಪ್ರಶ್ನೆಗಳನ್ನು ಅನುಕರಿಸದೆ ಈ ಮೂರು ತಾಲ್ಲೂಕುಗಳ ಕಡೆಗೆ ನೋಡಬಹುದು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಹೆಣ್ಣುಮಗಳ ತಾಯಿಕಾರ್ಡು ಎರಡು ಕೇಂದ್ರಗಳ ನಡುವೆ ಹೇಗೆ ಕಳೆದುಹೋಗುವುದು? ದುಡಿಯಲು ಪುಣೆ ಮುಂಬಯಿಗಳಿಗೆ ವಲಸೆ ಹೋದ ಗರ್ಭಿಣಿಯ ತಪಾಸಣೆಯನ್ನು ಯಾರು ಮುಂದುವರಿಸುವರು? ಕನ್ನಡ, ಉರ್ದು, ಮರಾಠಿ, ಲಂಬಾಣಿ ಮಾತುಗಳ ನಡುವೆ ದಾದಿಯು ಕೇಳಿದ ಪ್ರಶ್ನೆಯು ತಾಯಿಗೆ ಸರಿಯಾಗಿ ತಿಳಿಯುವುದೆ? ಇವುಗಳಿಗೆ ಉತ್ತರವನ್ನು ಹೊರಗಿನವರು ಬಂದು ಹುಡುಕಲಾರರು.

ಗೃಹಸ್ಥರಾದ ನಾವೂ ಮಾಡಬಹುದಾದುದುಂಟು. ಮನೆಯ ಹೆಣ್ಣುಮಗಳನ್ನು ಹೆರಿಗೆಗೆ ಕರೆದೊಯ್ದಾಗ ದಾದಿಯು ಕೇಳುವ ಪ್ರಶ್ನೆಗಳನ್ನು ಕಾಟವೆಂದು ತಿಳಿಯದೆ ನಿಜವಾದ ಉತ್ತರವನ್ನು ಕೊಡಬಹುದು. ಹಿಂದೆ ಕಳೆದುಕೊಂಡ ಕೂಸಿನ ಮಾತನ್ನು ನಾಚಿಕೆಯಿಂದ ಮುಚ್ಚಿಡದಿರಬಹುದು. ಪತ್ರಕವನ್ನು ತುಂಬಿದರೆ ಎಂದು ವಿನಯದಿಂದಲೇ ವಿಚಾರಿಸಬಹುದು. ಸಭೆಗಳಲ್ಲಿ ಕಟ್ಟಡಗಳಿಗಾಗಿ ಒತ್ತಾಯ ಮಾಡುವಷ್ಟೇ ಗಟ್ಟಿಯಾಗಿ ಖಾಲಿ ಬಿದ್ದ ದಾದಿಯರ ಸ್ಥಾನಗಳನ್ನು ತುಂಬಬೇಕೆಂದು ಕೇಳಬಹುದು. ಒಬ್ಬಳೇ ದಾದಿಯು ಮೂವರ ಕೆಲಸವನ್ನು ಮಾಡುತ್ತಿರುವಲ್ಲಿ ಬರೆಯಲು ಅವಳಿಗೆ ಬಿಡುವೆಲ್ಲಿಯದು?

ಚರಕನು ಉಪಚಾರಕನಲ್ಲಿ ಮೊದಲು ಜ್ಞಾನವನ್ನು ಬಯಸಿದನು. ಆ ಜ್ಞಾನವನ್ನು ಪಡೆಯುವ ದಾರಿಯನ್ನು ಬೆಳಗಾವಿಯ ಹಳ್ಳಿಗಳಲ್ಲಿಯೂ ನಮ್ಮ ಜಿಲ್ಲೆಯ ಕೇಂದ್ರಗಳಲ್ಲಿಯೂ ದಾದಿಯರು ಕೆಲವು ವರ್ಷ ನಡೆದು ತೋರಿಸಿದ್ದಾರೆ. ಯೋಜನೆಗಳು ಬರುವುವು, ಅವಧಿ ಮುಗಿದ ಮೇಲೆ ಹೋಗುವುವು. ಇರುಳಿನ ಪಾಳಿಯಲ್ಲಿ ಒಬ್ಬಳೇ ಕುಳಿತ ದಾದಿಯು ತಾನು ಕಂಡುದನ್ನು ಕಂಡಂತೆ ಬರೆಯುವ ಅಭ್ಯಾಸವು ಉಳಿದರೆ, ನಾಳೆ ಅದೇ ಬಾಗಿಲಿಗೆ ಬರುವ ತಾಯಿಗೆ ಅದರ ಫಲವು ಸಿಕ್ಕೇ ಸಿಗುವುದು.